ಮಂಡೆಬಿಸಿ, ಆಸರೆ ಮತ್ತು ಮುಪ್ಪಾಗುವ ಮೆದುಳು

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಯಾವ ಊರಿಗೆ ಹೋದರೂ ಹಿರಿಯರ ಮರೆವಿನ ಬಗ್ಗೆ ಮೂರು ಬಗೆಯ ಮಾತು ಕೇಳಿಬರುತ್ತದೆ. ಪ್ರಾಯ ಆಯಿತಲ್ಲ, ಅರಳು ಮರಳು ಸಹಜ ಎನ್ನುವವರು ಒಂದು ಕಡೆ. ಪಾಪ, ಜನ್ಮವಿಡೀ ಮಂಡೆಬಿಸಿಯಲ್ಲೇ ಕಳೆದರು, ಅದಕ್ಕೇ ಹೀಗಾಯಿತು ಎನ್ನುವವರು ಇನ್ನೊಂದು ಕಡೆ. ಮಕ್ಕಳು ಹತ್ತಿರ ಇದ್ದಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ ಎಂದು ದನಿ ತಗ್ಗಿಸಿ ಹೇಳುವವರೂ ಇದ್ದಾರೆ. ಮೊದಲ ಮಾತಿನ ಹಿಡಿತ ಈಗ ಸಡಿಲವಾಗಿದೆ. ವಯಸ್ಸಾದವರೆಲ್ಲರಿಗೂ ಮರೆವಿನ ಕಾಯಿಲೆ ಬರುವುದಿಲ್ಲ. 45 ದಾಟಿದ ಸುಮಾರು 72,000 ಮಂದಿಯನ್ನು ಒಳಗೊಂಡು 2017-18ರಲ್ಲಿ ನಡೆದ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆ ಮತ್ತು ಅದರ ಮುಂದುವರಿಕೆಯಾಗಿ ನಡೆದ ಮೆದುಳಿನ ಅಧ್ಯಯನದ ಪ್ರಕಾರ, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಅದು ಹೆಚ್ಚು. ಉಳಿದ ಶೇ. 92ಕ್ಕೂ ಹೆಚ್ಚು ಮಂದಿ ಅದೇ ವಯಸ್ಸಿನವರೇ.

ಹಾಗಾದರೆ ಉಳಿದ ಎರಡು ಮಾತುಗಳಲ್ಲಿ ಹುರುಳಿದೆಯೇ? ಬದುಕಿನುದ್ದಕ್ಕೂ ಹೊತ್ತ ಒತ್ತಡ ಮೆದುಳನ್ನು ಬೇಗ ಮುದಿಯಾಗಿಸುತ್ತದೆಯೇ? ಜನರ ಆಸರೆ ಅದನ್ನು ತಡೆಯುತ್ತದೆಯೇ? ತೊಂಬತ್ತು ವರ್ಷಗಳಿಂದ ಇಲಿಗಳ ಮೇಲೆ, ಬಬೂನುಗಳ ಮೇಲೆ, ಸನ್ಯಾಸಿನಿಯರ ಮೇಲೆ, ಲಂಡನ್ನಿನ ಗುಮಾಸ್ತರ ಮೇಲೆ ಈ ಪ್ರಶ್ನೆಯನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಸಿಕ್ಕ ಉತ್ತರಗಳು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಇಷ್ಟೆಲ್ಲ ಅಧ್ಯಯನಗಳಲ್ಲಿ ಆಸರೆ ಪಡೆಯುವವರ ಲೆಕ್ಕ ಸಿಗುವಷ್ಟು ಸುಲಭವಾಗಿ ಆಸರೆ ಕೊಡುವವರ ಲೆಕ್ಕ ಸಿಗುವುದಿಲ್ಲ ಎನ್ನುವುದು ನನ್ನ ಮುಖ್ಯ ತಕರಾರು. ನಮ್ಮ ಊರುಗಳಲ್ಲಿ ಒಬ್ಬರಿಗೆ ಸಿಗುವ ಆಸರೆ ಅನೇಕ ಸಲ ಇನ್ನೊಬ್ಬರ ಮಂಡೆಬಿಸಿಯಾಗಿರುತ್ತದೆ.

ಸವೆತದ ವಾದ

1936ರಲ್ಲಿ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಇಲಿಗಳಿಗೆ ಚಳಿ, ಗಾಯ, ವಿಷ, ಅತಿಯಾದ ದಣಿವು, ಹೀಗೆ ಯಾವ ಪೀಡೆ ಕೊಟ್ಟರೂ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ. ಪೀಡೆ ನಿಲ್ಲದಿದ್ದರೆ ಕೊನೆಗೆ ಸೋಲುತ್ತದೆ ಎಂಬುದು ಅದರ ಸಾರ. ಆಗ ಯಾರೂ ಮೆದುಳಿನ ಕಡೆ ನೋಡಿರಲಿಲ್ಲ. ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯೇ ಎಲ್ಲರ ಗಮನ ಸೆಳೆದಿತ್ತು.

ಮೆದುಳು ಚಿತ್ರಕ್ಕೆ ಬಂದದ್ದು 1968ರಲ್ಲಿ. ಒತ್ತಡದ ವೇಳೆ ಹರಿಯುವ ಹಾರ್ಮೋನು ಇಲಿಯ ಮೆದುಳಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹಿಪೊಕ್ಯಾಂಪಸ್‌ನಲ್ಲಿ ಹೋಗಿ ಕೂರುತ್ತದೆ ಎಂದು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್ಯುವೆನ್ ಮತ್ತು ಸಂಗಡಿಗರು ತೋರಿಸಿದರು. ಹೊಸ ನೆನಪು ಕಟ್ಟುವ ಭಾಗವೇ ಅದು. ಇದೇ ಹಿಪೊಕ್ಯಾಂಪಸ್ ಒತ್ತಡದ ಹಾರ್ಮೋನು ಸಾಕು ಎಂದು ಸೂಚನೆ ಕಳಿಸುವ ಜಾಗವೂ ಹೌದು. 1986ರಲ್ಲಿ ರಾಬರ್ಟ್ ಸಪೋಲ್ಸ್ಕಿ, ಲೂಯಿಸ್ ಕ್ರೇ ಮತ್ತು ಮೆಕ್ಯುವೆನ್ ಇವೆರಡನ್ನೂ ಜೋಡಿಸಿ ಒಂದು ಸಿದ್ಧಾಂತ ಕಟ್ಟಿದರು. ಹಾರ್ಮೋನು ಹೆಚ್ಚಾದರೆ ಹಿಪೊಕ್ಯಾಂಪಸ್‌ಗೆ ಪೆಟ್ಟು ಬೀಳುತ್ತದೆ, ಪೆಟ್ಟು ಬಿದ್ದರೆ ತಡೆಯುವ ಸೂಚನೆ ದುರ್ಬಲವಾಗುತ್ತದೆ, ತಡೆ ಇಲ್ಲದೆ ಹಾರ್ಮೋನು ಇನ್ನಷ್ಟು ಹೆಚ್ಚುತ್ತದೆ. ವಯಸ್ಸಾಗುತ್ತಾ ಹೋದಂತೆ ಈ ಚಕ್ರ ಬಿಗಿಯಾಗುತ್ತದೆ ಎಂದು ಅವರು ವಾದಿಸಿದರು.

ಮನುಷ್ಯರಲ್ಲೂ ಇದಕ್ಕೆ ಪುರಾವೆ ಸಿಕ್ಕಿತು. 1998ರಲ್ಲಿ ಸೋನಿಯಾ ಲೂಪಿಯೆನ್ ತಂಡ ಕೆನಡಾದ ವೃದ್ಧರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತಲೇ ಹೋದವರ ಹಿಪೊಕ್ಯಾಂಪಸ್ ಉಳಿದವರಿಗಿಂತ ಶೇ. 14ರಷ್ಟು ಚಿಕ್ಕದಾಗಿತ್ತು, ನೆನಪಿನ ಪರೀಕ್ಷೆಯಲ್ಲೂ ಅವರು ಹಿಂದೆ ಬಿದ್ದರು ಎಂದು ವರದಿ ಮಾಡಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1968ರಲ್ಲಿ ಆರಂಭವಾದ ಮಹಿಳೆಯರ ಅಧ್ಯಯನ ಇನ್ನೂ ದೀರ್ಘವಾದದ್ದು. ಒಂದು ತಿಂಗಳೋ ಹೆಚ್ಚೋ ಕಾಲ ಉದ್ವೇಗ, ಭಯ, ನಿದ್ರಾಭಂಗದಿಂದ ಬಳಲಿದ್ದೀರಾ ಎಂದು ನಡುವಯಸ್ಸಿನ ಹೆಂಗಸರನ್ನು 1968, 1974 ಮತ್ತು 1980ರಲ್ಲಿ ಕೇಳಲಾಯಿತು. ಮೂರು ಸಲವೂ ಹೌದು ಎಂದವರಿಗೆ, ಒಮ್ಮೆಯೂ ಹೌದು ಎನ್ನದವರಿಗಿಂತ ಡಿಮೆನ್ಶಿಯಾದ ಸಂಭವ ಎರಡೂವರೆ ಪಟ್ಟು ಇತ್ತು ಎಂದು 35 ವರ್ಷದ ಬಳಿಕ ಗೊತ್ತಾಯಿತು. ಒಂದೇ ಸಲ ಹೌದು ಎಂದವರಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಬಂದು ಹೋಗುವ ಕಷ್ಟಕ್ಕಿಂತ ಬಿಡದೆ ಕೂರುವ ಕಷ್ಟವೇ ಹೆಚ್ಚು ಹಾನಿ ಮಾಡುತ್ತದೆ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಅಪರೂಪ.

1993ರಲ್ಲಿ ಮೆಕ್ಯುವೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಈ ವಾದವನ್ನು ಹಿಗ್ಗಿಸಿದರು. ಹಾರ್ಮೋನು ಒಂದೇ ಅಲ್ಲ. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಉರಿಯೂತ ಎಲ್ಲವೂ ಸೇರಿ ದೇಹ ತೆರುವ ಒಟ್ಟು ಬೆಲೆಯನ್ನು ಅಳೆಯಬೇಕು ಎಂದರು. ಸವೆತ ಎಂದು ನಾನು ಕರೆಯುತ್ತಿರುವುದು ಇದನ್ನೇ. ಹಳ್ಳಿಯ ವೈದ್ಯರಿಗೆ ಇದು ಹೊಸತಲ್ಲ. ಬಿ.ಪಿ., ಶುಗರ್ ಎರಡೂ ಇರುವ ರೋಗಿಯ ಮನೆಯ ಕಥೆ ಅವರಿಗೆ ಗೊತ್ತಿರುತ್ತದೆ.

ಆದರೆ ಸವೆತದ ವಾದಕ್ಕೆ ಬಿದ್ದ ಪೆಟ್ಟೂ ಸಣ್ಣದಲ್ಲ. ವಿಯೆಟ್ನಾಂ ಯುದ್ಧದ ಆಘಾತದಿಂದ ನರಳುತ್ತಿದ್ದ ಸೈನಿಕರ ಹಿಪೊಕ್ಯಾಂಪಸ್ ಚಿಕ್ಕದಿತ್ತು ನಿಜ. ಆದರೆ 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ತಂಡ ಯುದ್ಧಕ್ಕೇ ಹೋಗದ ಅವರ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಅವರದೂ ಚಿಕ್ಕದೇ ಇತ್ತು. ಒತ್ತಡ ಮೆದುಳನ್ನು ಕುಗ್ಗಿಸಿತೋ, ಚಿಕ್ಕ ಹಿಪೊಕ್ಯಾಂಪಸ್ ಇದ್ದವರನ್ನು ಒತ್ತಡ ಹೆಚ್ಚು ಹಣ್ಣು ಮಾಡಿತೋ? ಎರಡೂ ಇರಬಹುದು. ಇನ್ನೊಂದು ಕಡೆ, ಮೂರು ವಾರ ಒತ್ತಡ ಕೊಟ್ಟ ಎಳೆಯ ಇಲಿಯ ನರಕೋಶಗಳು ಮುಂದಿನ ಮೂರು ವಾರದ ವಿಶ್ರಾಂತಿಯಲ್ಲಿ ಚೇತರಿಸಿಕೊಂಡವು, ಮುದಿ ಇಲಿಯಲ್ಲಿ ಆ ಚೇತರಿಕೆ ಕಾಣಲಿಲ್ಲ ಎಂದು 2010ರ ಹೊತ್ತಿಗೆ ಗೊತ್ತಾಯಿತು. ಮುಪ್ಪು ಎಂದರೆ ಬರೀ ಸವೆತವಲ್ಲ, ಮರಳಿ ಚಿಗುರುವ ಶಕ್ತಿ ಕುಂದುವುದು ಎಂಬ ವಾದ ಅಲ್ಲಿಂದ ಬಲ ಪಡೆಯಿತು. ನನಗೆ ಹೆಚ್ಚು ಒಪ್ಪಿಗೆಯಾಗುವ ರೂಪ ಅದು.

ಕೊಕ್ಕಡದ ತಾಯಂದಿರು

ಬಿಡದೆ ಕೂರುವ ಕಷ್ಟಕ್ಕೆ ಬೆಳ್ತಂಗಡಿ ತಾಲೂಕಿನಲ್ಲಿ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಗೇರು ತೋಟಗಳ ಮೇಲೆ 2000ದವರೆಗೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆ ಆದದ್ದೂ ಇದೇ. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರದೊಂದಿಗೆ ಹುಟ್ಟಿದ ಮಕ್ಕಳು ದೊಡ್ಡವರಾಗಿದ್ದರು. ಅವರನ್ನು ಎತ್ತಿ, ತಿನಿಸಿ, ಸ್ನಾನ ಮಾಡಿಸಿ, ರಾತ್ರಿ ಎಚ್ಚರವಿದ್ದು ನೋಡಿಕೊಂಡವರು ಹೆಚ್ಚಾಗಿ ತಾಯಂದಿರು. ಮಗುವಿನ ತೂಕ ಹತ್ತು ಕಿಲೋ ಇದ್ದಾಗ ಆರಂಭವಾದ ಎತ್ತುವ ಕೆಲಸ ನಲವತ್ತು ಕಿಲೋ ಆದಾಗಲೂ ಮುಂದುವರಿಯಿತು. ಕೊಕ್ಕಡದಲ್ಲಿ ಹಗಲಿನ ಪಾಲನಾ ಕೇಂದ್ರ ಬಂತು, ಮಾಸಾಶನ ಬಂತು. ರಾತ್ರಿಗಳು ಮಾತ್ರ ತಾಯಿಯ ಪಾಲಿಗೇ ಉಳಿದವು.

ಅಂಥ ತಾಯಂದಿರ ದೇಹದಲ್ಲಿ ಏನಾಗುತ್ತದೆ? ಕ್ಯಾಲಿಫೋರ್ನಿಯಾದಲ್ಲಿ ಎಲಿಸ್ಸಾ ಎಪೆಲ್ ಮತ್ತು ಮುಂದೆ ನೊಬೆಲ್ ಪಡೆದ ಎಲಿಜಬೆತ್ ಬ್ಲ್ಯಾಕ್‌ಬರ್ನ್ 2004ರಲ್ಲಿ ದೀರ್ಘ ಕಾಯಿಲೆಯ ಮಕ್ಕಳ ತಾಯಂದಿರ ರಕ್ತಕಣಗಳನ್ನು ಪರೀಕ್ಷಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಜೀವಕೋಶ ಮುದಿಯಾದಂತೆ ಗಿಡ್ಡವಾಗುತ್ತದೆ. ಹೆಚ್ಚು ಒತ್ತಡ ಅನುಭವಿಸುತ್ತಿದ್ದವರ ಟೆಲೊಮಿಯರ್ ಕನಿಷ್ಠ ಹತ್ತು ವರ್ಷ ಹೆಚ್ಚು ಪ್ರಾಯದವರದಷ್ಟು ಗಿಡ್ಡವಾಗಿತ್ತು. ಅಧ್ಯಯನ ಚಿಕ್ಕದು, ಪರೀಕ್ಷಿಸಿದ್ದು ರಕ್ತವನ್ನು, ಮೆದುಳನ್ನಲ್ಲ. ನಂತರದ ದೊಡ್ಡ ಅಧ್ಯಯನಗಳಲ್ಲಿ ಕಂಡ ಸಂಬಂಧ ಇದಕ್ಕಿಂತ ತೆಳು. ಅಮೆರಿಕದ ಯೂಟಾ ರಾಜ್ಯದ ಕ್ಯಾಶ್ ಕೌಂಟಿಯಿಂದ 2010ರಲ್ಲಿ ಬಂದ ವರದಿ ಮೆದುಳಿಗೆ ಹೆಚ್ಚು ಹತ್ತಿರದ್ದು: ಗಂಡನಿಗೋ ಹೆಂಡತಿಗೋ ಡಿಮೆನ್ಶಿಯಾ ಇದ್ದ ವೃದ್ಧರಿಗೆ ತಮಗೂ ಅದು ಬರುವ ಸಂಭವ ಇತರರ ಆರು ಪಟ್ಟು ಇತ್ತು.

ಹಾಗೆಂದು ಇದನ್ನೆಲ್ಲ ಕೊಕ್ಕಡಕ್ಕೆ ತಂದು ಅಂಟಿಸಿದರೆ ತಪ್ಪಾಗುತ್ತದೆ. ಎಂಡೋಸಲ್ಫಾನ್ ನರಮಂಡಲಕ್ಕೇ ವಿಷ. ಆ ತಾಯಂದಿರು ಅದೇ ಗಾಳಿ ಉಸಿರಾಡಿದವರು, ಅದೇ ಬಾವಿಯ ನೀರು ಕುಡಿದವರು. ನಾಳೆ ಅವರಲ್ಲಿ ಮರೆವು ಹೆಚ್ಚಿದೆ ಎಂದು ಯಾರಾದರೂ ಅಳೆದು ತೋರಿಸಿದರೂ ಅದರಲ್ಲಿ ವಿಷದ ಪಾಲೆಷ್ಟು, ನಿದ್ದೆಗೆಟ್ಟ ಮೂವತ್ತು ವರ್ಷಗಳ ಪಾಲೆಷ್ಟು, ಬಡತನದ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಒತ್ತಡದ ವಿಜ್ಞಾನದ ಅತಿ ಕಷ್ಟದ ಗಂಟು ಇದು. ಬದುಕಿನಲ್ಲಿ ಒತ್ತಡ ಎಂದೂ ಒಂಟಿಯಾಗಿ ಬರುವುದಿಲ್ಲ.

ಆಸರೆಯ ವಾದ

ಆಸರೆಯ ಕಥೆ ಶುರುವಾದದ್ದು ಮೆದುಳಿನಿಂದಲ್ಲ, ಸಾವಿನಿಂದ. 1976ರಲ್ಲಿ ಸಿಡ್ನಿ ಕಾಬ್ ಮತ್ತು ಜಾನ್ ಕ್ಯಾಸೆಲ್, ಜನರ ನಡುವಿನ ನಂಟೇ ಆರೋಗ್ಯವನ್ನು ಕಾಯುತ್ತದೆ ಎಂದು ಬೇರೆ ಬೇರೆಯಾಗಿ ವಾದಿಸಿದರು. 1979ರಲ್ಲಿ ಲಿಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯ ಸುಮಾರು 7,000 ಮಂದಿಯ ಒಂಬತ್ತು ವರ್ಷಗಳ ದಾಖಲೆಯೊಂದಿಗೆ ಬಂದರು. ನಂಟು ಅತಿ ಕಡಿಮೆ ಇದ್ದವರು ಆ ಅವಧಿಯಲ್ಲಿ ಸಾಯುವ ಸಂಭವ ಹೆಚ್ಚು ನಂಟಿದ್ದವರ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ಮೆದುಳಿನ ಸರದಿ ಬಂದದ್ದು 2000ದಲ್ಲಿ. ಸ್ಟಾಕ್‌ಹೋಮ್‌ನ ಕುಂಗ್ಸ್‌ಹೋಲ್ಮೆನ್ ಬಡಾವಣೆಯ 75 ದಾಟಿದವರನ್ನು ಹಿಂಬಾಲಿಸಿದ ಲಾರಾ ಫ್ರಾಟಿಲಿಯೋನಿ ತಂಡ, ನಂಟು ಬಡವಾಗಿರುವವರಿಗೆ ಡಿಮೆನ್ಶಿಯಾದ ಅಪಾಯ ಶೇ. 60ರಷ್ಟು ಹೆಚ್ಚು ಎಂದಿತು.

ಆಸರೆ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿ ಎರಡು ಪಂಗಡ. ಅದು ಮಳೆ ಬಂದಾಗ ಬಿಡಿಸುವ ಕೊಡೆ, ಕಷ್ಟವಿದ್ದಾಗ ಮಾತ್ರ ಪ್ರಯೋಜನ ಎನ್ನುವವರು ಒಂದು ಪಂಗಡ. ಮಳೆ ಇರಲಿ ಬಿಸಿಲಿರಲಿ ಎಲ್ಲರಿಗೂ ಎಲ್ಲ ಕಾಲಕ್ಕೂ ಅದು ಒಳಿತು ಮಾಡುತ್ತದೆ ಎನ್ನುವವರು ಇನ್ನೊಂದು. ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ 1985ರಲ್ಲಿ ಇಬ್ಬರೂ ಸರಿ ಎಂದು ತೀರ್ಪಿತ್ತರು. ನನಗೊಬ್ಬರಿದ್ದಾರೆ ಎಂಬ ನಂಬಿಕೆಯನ್ನು ಅಳೆದರೆ ಕೊಡೆಯ ಗುಣ ಕಾಣುತ್ತದೆ, ಎಷ್ಟು ಜನರೊಂದಿಗೆ ಬೆರೆಯುತ್ತೀರಿ ಎಂದು ಅಳೆದರೆ ನಿತ್ಯದ ಒಳಿತು ಕಾಣುತ್ತದೆ.

ಇಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ನೆನೆಯದಿರಲಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಾವಿರಾರು ಮನೆಗಳ ಗಂಜಿ ಬೆಂದದ್ದು ಬೀಡಿಯಿಂದ. ಕೂಲಿ ಕಡಿಮೆ, ಹೊಗೆಸೊಪ್ಪಿನ ಧೂಳು, ಬಗ್ಗಿದ ಬೆನ್ನು, ಬ್ರಾಂಚಿನಲ್ಲಿ ಕಳಪೆ ಎಂದು ಬೀಡಿ ತಿರಸ್ಕಾರವಾಗುವ ಆತಂಕ. ಸವೆತದ ಪಟ್ಟಿ ಮಾಡಿದರೆ ಇದು ಮೇಲಿನ ಸಾಲಿನಲ್ಲಿ ನಿಲ್ಲುತ್ತದೆ. ಅದೇ ಹೊತ್ತಿಗೆ ಮಧ್ಯಾಹ್ನ ನೆರೆಮನೆಯವರೆಲ್ಲ ಒಂದೇ ಜಗಲಿಗೆ ಗೆರಸೆ ತಂದು ಕೂರುವುದು, ಮಗಳ ಮದುವೆಯಿಂದ ಹಿಡಿದು ನಿನ್ನೆ ರಾತ್ರಿಯ ಯಕ್ಷಗಾನದವರೆಗೆ ಮಾತಾಡುವುದು, ಒಬ್ಬಳ ಎಲೆ ಮುಗಿದರೆ ಇನ್ನೊಬ್ಬಳು ಕೊಡುವುದು, ಇವೂ ಅದರ ಭಾಗ. ಒಂದೇ ಕೆಲಸ ಒತ್ತಡವನ್ನೂ ಆಸರೆಯನ್ನೂ ಹೊತ್ತು ತಂದಿದೆ. ಬೀಡಿಯ ಬೇಡಿಕೆ ಇಳಿದಂತೆ ಜಗಲಿಯೂ ಖಾಲಿಯಾಗುತ್ತಿದೆ. ಧೂಳು ತಪ್ಪಿದ್ದು ಒಳ್ಳೆಯದೇ. ಜೊತೆ ತಪ್ಪಿದ್ದರ ಲೆಕ್ಕ ಇಟ್ಟವರಿಲ್ಲ.

1982ರಲ್ಲಿ ಬೆಳ್ತಂಗಡಿಯಿಂದಲೇ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ಹಿಡುವಳಿದಾರರು ವಾರಕ್ಕೊಂದು ದಿನ ಸರದಿಯ ಮೇಲೆ ಪರಸ್ಪರರ ಜಮೀನಿನಲ್ಲಿ ದುಡಿಯುತ್ತಾರೆ. ನಾಟಿಯ ಕಾಲದ ಹಳೆಯ ಮುಯ್ಯಾಳು ಪದ್ಧತಿಯೇ ಹೊಸ ರೂಪದಲ್ಲಿ ಬಂದಿದೆ. ಸಾಲದ ವಾರದ ಕಂತು ತರುವ ಚಿಂತೆಯೂ ಅದೇ ತಂಡದೊಳಗಿದೆ, ಕಷ್ಟಕ್ಕೆ ಬರುವ ಕೈಗಳೂ ಅದರೊಳಗಿವೆ. ಇಂಥದ್ದನ್ನು ಪಾಶ್ಚಾತ್ಯ ಪ್ರಶ್ನಾವಳಿಯ ಯಾವ ಕಾಲಮ್ಮಿಗೆ ಹಾಕುವುದು?

ಕೂಡುಮನೆ, ತರವಾಡು, ಗಲ್ಫ್

ನಮ್ಮಲ್ಲಿ ಕೂಡು ಕುಟುಂಬ ಇರುವುದರಿಂದ ಈ ಸಮಸ್ಯೆ ಕಡಿಮೆ ಎಂಬ ಮಾತು ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಲಂಡನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನದ 10,000ಕ್ಕೂ ಹೆಚ್ಚು ಮಂದಿಯ ದಾಖಲೆ ಬಳಸಿ ಆಂಡ್ರ್ಯೂ ಸಾಮರ್‌ಲಾಡ್ ತಂಡ 2019ರಲ್ಲಿ ಹೇಳಿದ್ದು ಇದು: 60ರ ವಯಸ್ಸಿನಲ್ಲಿ ಜನರೊಂದಿಗೆ ಹೆಚ್ಚು ಸಂಪರ್ಕವಿದ್ದವರಿಗೆ ಮುಂದೆ ಡಿಮೆನ್ಶಿಯಾದ ಅಪಾಯ ಶೇ. 12ರಷ್ಟು ಕಡಿಮೆ. ಆದರೆ ಆ ಪ್ರಯೋಜನ ಕಂಡದ್ದು ಸ್ನೇಹಿತರ ಸಂಪರ್ಕದಲ್ಲಿ, ನೆಂಟರ ಸಂಪರ್ಕದಲ್ಲಲ್ಲ. ಸ್ನೇಹಿತರನ್ನು ನಾವು ಆರಿಸಿಕೊಳ್ಳುತ್ತೇವೆ. ನೆಂಟರ ಜೊತೆ ಹಂಚಿಕೊಳ್ಳುವುದು ಊಟ ಮಾತ್ರವಲ್ಲ, ಆಸ್ತಿ, ಹಳೆಯ ಮನಸ್ತಾಪ, ಕರ್ತವ್ಯ ಕೂಡ. ಲಂಡನ್ನಿನ ಫಲಿತಾಂಶ ಬಂಟ್ವಾಳಕ್ಕೆ ಹಾಗೆಯೇ ಹೊಂದುತ್ತದೆ ಎನ್ನಲಾಗದು. ಇಲ್ಲಿ ನಿತ್ಯದ ಒಡನಾಟವೆಲ್ಲ ನೆಂಟರಲ್ಲೇ ಇರುವ ಮನೆಗಳು ಬೇಕಾದಷ್ಟಿವೆ. ಆದರೂ ಮನೆ ತುಂಬ ಜನ ಇದ್ದಾರೆ ಎಂಬುದೊಂದೇ ಆಸರೆಗೆ ಅಳತೆಗೋಲಾಗದು ಎನ್ನುವಷ್ಟನ್ನು ಅದು ಹೇಳುತ್ತದೆ.

ತುಳುನಾಡಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಬಂಟರು, ಬಿಲ್ಲವರು, ಇಲ್ಲಿನ ಜೈನರಲ್ಲಿ ಅನೇಕರು, ಮೂಡುಬಿದಿರೆಯನ್ನು ಆಳಿದ ಚೌಟರು ಅಳಿಯಸಂತಾನ ಕಟ್ಟಿನವರು. ಹೆಣ್ಣು ತನ್ನ ತರವಾಡು ಮನೆಯ ಹಕ್ಕುದಾರಳು. ಗಂಡ ಸತ್ತರೂ ಬಿಟ್ಟರೂ ಅವಳಿಗೆ ಹೋಗಲು ಮನೆಯಿತ್ತು, ಆ ಮನೆ ಅವಳದ್ದೇ ಆಗಿತ್ತು. ಇಂಥ ವ್ಯವಸ್ಥೆ ದೇಹಕ್ಕೆ ಲಾಭ ತರುತ್ತದೆಯೇ ಎಂಬುದಕ್ಕೆ ಚೀನಾದ ಮೊಸುವೊ ಜನರಿಂದ 2020ರಲ್ಲಿ ಒಂದು ಸುಳಿವು ಬಂತು. ಅವರಲ್ಲಿ ತಾಯಿಕಟ್ಟಿನ ಹಳ್ಳಿಗಳೂ ಇವೆ, ತಂದೆಕಟ್ಟಿನ ಹಳ್ಳಿಗಳೂ ಇವೆ. ಭಾಷೆ, ಧರ್ಮ ಒಂದೇ. ತಂದೆಕಟ್ಟಿನ ಹಳ್ಳಿಯಲ್ಲಿ ಹೆಂಗಸರ ಉರಿಯೂತ ಮತ್ತು ರಕ್ತದೊತ್ತಡ ಗಂಡಸರಿಗಿಂತ ಹೆಚ್ಚು. ತಾಯಿಕಟ್ಟಿನ ಹಳ್ಳಿಯಲ್ಲಿ ಆ ಅಂತರ ತಿರುಗುಮುರುಗಾಗಿತ್ತು. ಉರಿಯೂತ, ರಕ್ತದೊತ್ತಡ ಎರಡೂ ನಡುವಯಸ್ಸಿನಲ್ಲಿ ಹೆಚ್ಚಾದರೆ ಮುಪ್ಪಿನ ಮೆದುಳಿಗೆ ಕೆಡುಕು ಎಂಬುದು ಬೇರೆ ಕಡೆಯ ಅನುಭವ. ಭಾರತದಲ್ಲಿ ಹೆಂಗಸರಿಗೆ ಡಿಮೆನ್ಶಿಯಾ ಹೆಚ್ಚು ಎಂದು ಆಗಲೇ ಹೇಳಿದೆ. ಅಳಿಯಕಟ್ಟಿನ ಮನೆಗಳ ಹಿರಿಯ ಹೆಂಗಸರಲ್ಲಿ ಆ ಅಂತರ ಹೇಗಿದೆ ಎಂದು ನೋಡುವುದಕ್ಕೆ ತುಳುನಾಡಿಗಿಂತ ತಕ್ಕ ಜಾಗ ಕಡಿಮೆ. ಕಾನೂನಿನ ಮಟ್ಟಿಗೆ 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆ ಕಟ್ಟನ್ನು ಸಡಿಲಿಸಿ ದಶಕಗಳೇ ಕಳೆದಿವೆ. ಹಳೆಯ ಕಟ್ಟಿನಲ್ಲಿ ಬೆಳೆದ ಕೊನೆಯ ತಲೆಮಾರು ಈಗ ಎಂಬತ್ತರ ಆಚೆಗಿದೆ.

ಅವರ ಮಕ್ಕಳು ಎಲ್ಲಿಗೆ ಹೋದರು? ಮೊದಲು ಮುಂಬಯಿಯ ಹೋಟೆಲುಗಳಿಗೆ, ಆಮೇಲೆ ದುಬೈ, ದೋಹಾ, ಮಸ್ಕತ್‌ಗೆ, ಈಗ ಬೆಂಗಳೂರಿಗೆ. ಊರಿನಲ್ಲಿ ಹೊಸ ಮನೆ ದೊಡ್ಡದಾಗಿ ನಿಂತಿದೆ, ಒಳಗೆ ಇಬ್ಬರೋ ಒಬ್ಬರೋ ವೃದ್ಧರು. ಹಣದ ಚಿಂತೆ ಹೋಯಿತು, ಒಂಟಿತನ ಬಂತು. ಇದನ್ನು ಮಕ್ಕಳ ನಿರ್ದಯತೆ ಎಂದು ಬರೆಯುವುದು ಅನ್ಯಾಯ. ಅವರು ಹೋಗದಿದ್ದರೆ ಸಾಲದ ಮಂಡೆಬಿಸಿ ಆ ಹಿರಿಯರನ್ನು ಇನ್ನೂ ಮೊದಲೇ ತಿನ್ನುತ್ತಿತ್ತು. ದೂರದ ಮಾತಿಗೂ ಬೆಲೆಯಿದೆಯೇ ಎಂಬುದನ್ನು ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. 75 ದಾಟಿದ ಒಂಟಿ ಹಿರಿಯರೊಂದಿಗೆ ವಾರಕ್ಕೆ ನಾಲ್ಕು ಸಲ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಮಾತಾಡಿದ ಪ್ರಯೋಗದಲ್ಲಿ ಆರು ತಿಂಗಳಿಗೆ ಬುದ್ಧಿಶಕ್ತಿಯ ಅಂಕ ತುಸು ಏರಿತು. ಮಾತಿನ ವಿಷಯ ಗೊತ್ತುಮಾಡಿಕೊಂಡು ಯೋಚಿಸುವಂತೆ ಮಾಡುವ ಸಂಭಾಷಣೆ ಅದು. ಊಟ ಆಯಿತಾ, ಮದ್ದು ತೆಗೊಂಡಿರಾ ಎಂದು ಮುಗಿಯುವ ಕರೆಗೆ ಅದೇ ಫಲ ಇದೆ ಎಂದು ಯಾರೂ ಹೇಳಿಲ್ಲ.

ಮೀಸಲು ಶಕ್ತಿಯ ವಾದ

ಮೂರನೆಯ ಪಂಗಡದವರು ಒತ್ತಡ, ಆಸರೆ ಎರಡನ್ನೂ ಬದಿಗಿಟ್ಟು ಮೆದುಳಿನ ಗಳಿಕೆಯ ಬಗ್ಗೆ ಮಾತಾಡುತ್ತಾರೆ. 1986ರಲ್ಲಿ ಡೇವಿಡ್ ಸ್ನೋಡನ್ ಆರಂಭಿಸಿದ ಅಧ್ಯಯನದಲ್ಲಿ 678 ಕ್ಯಾಥೊಲಿಕ್ ಸನ್ಯಾಸಿನಿಯರು ಮರಣಾನಂತರ ಮೆದುಳು ದಾನಕ್ಕೆ ಒಪ್ಪಿದರು. ಆಲ್‌ಝೈಮರ್‌ನ ಗುರುತುಗಳು ಮೆದುಳಿನ ತುಂಬ ಇದ್ದರೂ ಕೊನೆಯವರೆಗೆ ಚುರುಕಾಗಿದ್ದ ಕೆಲವರು ಅವರಲ್ಲಿದ್ದರು. ಓದು, ಸಂಕೀರ್ಣ ಕೆಲಸ, ಬಹುಭಾಷೆ ಇವೆಲ್ಲ ಮೆದುಳಿಗೆ ಮೀಸಲು ಕೂಡಿಡುತ್ತವೆ, ರೋಗ ಬಂದರೂ ಅದು ಹೊರಗೆ ತೋರುವುದು ತಡವಾಗುತ್ತದೆ ಎಂದು ಯಾಕೊವ್ ಸ್ಟರ್ನ್ ಮೊದಲಾದವರು ವಿವರಿಸಿದರು.

ಮೂಡುಬಿದಿರೆಯ ಪೇಟೆಯಲ್ಲಿ ಒಂದು ಗಂಟೆ ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕೂ ಕಿವಿಗೆ ಬೀಳುತ್ತವೆ. ಶಾಲೆ ಕಾಣದ ಮುದುಕಿಯೂ ಮೂರರಲ್ಲಿ ಚೌಕಾಸಿ ಮಾಡಬಲ್ಲಳು. ಸುವರ್ಣಾ ಅಲ್ಲಾಡಿ ತಂಡ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ, ಎರಡು ಭಾಷೆ ಬಲ್ಲವರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು, ಅನಕ್ಷರಸ್ಥರಲ್ಲೂ ಇದು ನಿಜ ಎಂದು ಬರೆಯಿತು. ಮುಂದೆ ನಿಮ್ಹಾನ್ಸ್‌ಗೆ ಬಂದ ಅಲ್ಲಾಡಿಯವರ ಈ ಲೇಖನ ಜಗತ್ತಿನ ಗಮನ ಸೆಳೆಯಿತು. ಎರಡಕ್ಕಿಂತ ಹೆಚ್ಚು ಭಾಷೆಯಿಂದ ಹೆಚ್ಚಿನ ಲಾಭ ಅವರಿಗೆ ಕಾಣಲಿಲ್ಲ ಎಂಬುದನ್ನೂ ನಾವು, ನಾಲ್ಕು ಭಾಷೆಯವರು, ಗಮನಿಸಬೇಕು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸುವ ಬದಲು ಊರಿನ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಹಲವು ಅಧ್ಯಯನಗಳಲ್ಲಿ ಈ ಲಾಭ ಸ್ಪಷ್ಟವಾಗಿ ಸಿಕ್ಕಿಲ್ಲ.

ಮೀಸಲಿನ ವಾದ ಆಸರೆಯ ವಾದಕ್ಕೆ ಸೇತುವೆಯೂ ಆಗಿದೆ. ಶಿಕಾಗೋದ ರಶ್ ಕೇಂದ್ರದ ಡೇವಿಡ್ ಬೆನೆಟ್ 2006ರಲ್ಲಿ, ಅಷ್ಟೇ ರೋಗವಿದ್ದ ಮೆದುಳುಗಳಲ್ಲಿ ದೊಡ್ಡ ಬಳಗವಿದ್ದವರ ಬುದ್ಧಿ ಹೆಚ್ಚು ಚೆನ್ನಾಗಿ ಉಳಿದಿತ್ತು ಎಂದರು. ಮರುವರ್ಷ ಅಲ್ಲಿಯ ರಾಬರ್ಟ್ ವಿಲ್ಸನ್, ಒಂಟಿತನ ಹೆಚ್ಚು ಅನುಭವಿಸಿದವರಿಗೆ ಆಲ್‌ಝೈಮರ್ ಅಪಾಯ ಸುಮಾರು ಎರಡು ಪಟ್ಟು, ಆದರೆ ಸತ್ತ ಮೇಲೆ ನೋಡಿದರೆ ಅವರ ಮೆದುಳಿನಲ್ಲಿ ರೋಗದ ಗುರುತು ಹೆಚ್ಚಿರಲಿಲ್ಲ ಎಂದು ತೋರಿಸಿದರು. ಒಂಟಿತನ ರೋಗವನ್ನು ಹುಟ್ಟಿಸುವುದಕ್ಕಿಂತ ರೋಗವನ್ನು ತಾಳುವ ಶಕ್ತಿಯನ್ನು ಕಸಿಯುತ್ತದೆ ಎಂದು ಇದರ ಅರ್ಥವಿರಬಹುದು.

ಬಾಲ್ಯದ ಕಡೆ ನೋಡುವವರು

ಇನ್ನು ಕೆಲವರಿಗೆ ಐವತ್ತರಲ್ಲಿ, ಅರುವತ್ತರಲ್ಲಿ ಕಾರಣ ಹುಡುಕುವುದೇ ತಡ. 1997ರಲ್ಲಿ ಮೈಕೆಲ್ ಮೀನಿಯವರ ತಂಡ, ತಾಯಿ ಹೆಚ್ಚು ನೆಕ್ಕಿ ಮುದ್ದಿಸಿದ ಇಲಿಮರಿಗಳು ದೊಡ್ಡವಾದಾಗ ಒತ್ತಡಕ್ಕೆ ಕಡಿಮೆ ಹಾರ್ಮೋನು ಸುರಿಸುತ್ತವೆ ಎಂದು ತೋರಿಸಿತು. ಮನುಷ್ಯರಲ್ಲಿ ಇಷ್ಟು ದೀರ್ಘ ದಾಖಲೆ ಸಿಗುವುದು ಅಪರೂಪ. ಸಿಗುವ ಜಾಗಗಳಲ್ಲಿ ಒಂದು ನಮ್ಮ ಮೈಸೂರು. ಅಲ್ಲಿನ ಸಿ.ಎಸ್.ಐ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದೆ. 1934ರಿಂದ 1966ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ, ಅವರ ಇಳಿವಯಸ್ಸಿನ ನೆನಪು, ಖಿನ್ನತೆ, ಹೃದಯದ ಸ್ಥಿತಿಯನ್ನು ಮುರಳಿ ಕೃಷ್ಣ, ಜಿ.ವಿ. ಕೃಷ್ಣವೇಣಿ ಮೊದಲಾದವರ ತಂಡ ಅಳೆದಿದೆ. ಆ ಆಸ್ಪತ್ರೆಯ ದಾದಿಯರು ದಿನವೂ ತುಂಬಿದ ಪುಸ್ತಕಗಳು ಎಪ್ಪತ್ತು ವರ್ಷದ ನಂತರ ಹೀಗೆ ಬಳಕೆಗೆ ಬರುತ್ತವೆ ಎಂದು ಯಾರು ಊಹಿಸಿದ್ದರು!

ಕಾರಣವೋ, ಲಕ್ಷಣವೋ

ಮೇಲಿನ ಎಲ್ಲ ವಾದಗಳ ಬುಡ ಅಲುಗಿಸುವ ಆಕ್ಷೇಪ ಒಂದಿದೆ. ಡಿಮೆನ್ಶಿಯಾ ಹೊರಗೆ ಕಾಣುವ ಹತ್ತಿಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಶುರುವಾಗಿರುತ್ತದೆ. ಮದುವೆಗೆ, ಕೋಲಕ್ಕೆ, ಚರ್ಚಿಗೆ, ಮಸೀದಿಗೆ ಹೋಗುವುದನ್ನು ಹಿರಿಯರು ನಿಲ್ಲಿಸಿದ್ದರಿಂದ ಮರೆವು ಬಂತೋ, ಹೆಸರು ನೆನಪಾಗದ ಮುಜುಗರಕ್ಕೆ ಹೋಗುವುದನ್ನು ನಿಲ್ಲಿಸಿದರೋ? ಖಿನ್ನತೆಯ ವಿಷಯದಲ್ಲಿ ಅರ್ಚನಾ ಸಿಂಗ್-ಮನು ತಂಡ 2017ರಲ್ಲಿ ವೈಟ್‌ಹಾಲ್ ದಾಖಲೆಯಿಂದ ತೋರಿಸಿದ್ದು ಕಣ್ಣು ತೆರೆಸುವಂಥದ್ದು: ರೋಗಪತ್ತೆಗೆ 22 ವರ್ಷ ಮೊದಲು ಖಿನ್ನತೆಯ ಲಕ್ಷಣದಲ್ಲಿ ವ್ಯತ್ಯಾಸವಿರಲಿಲ್ಲ, ಕೊನೆಯ ಹತ್ತು ವರ್ಷಗಳಲ್ಲಿ ಏರುತ್ತಾ ಬಂತು. ಅಲ್ಲಿ ಖಿನ್ನತೆ ಕಾರಣಕ್ಕಿಂತ ಮುನ್ಸೂಚನೆಯಂತೆ ಕಾಣುತ್ತದೆ. ಗೋಥೆನ್‌ಬರ್ಗ್‌ನ ಒತ್ತಡವಾಗಲಿ, ಸಾಮರ್‌ಲಾಡ್‌ನ 60ರ ವಯಸ್ಸಿನ ಸ್ನೇಹವಾಗಲಿ ಈ ಆಕ್ಷೇಪವನ್ನು ಸ್ವಲ್ಪ ತಡೆದುಕೊಳ್ಳುತ್ತವೆ, ಏಕೆಂದರೆ ಅಳತೆ ಬಹಳ ಮೊದಲೇ ಆಗಿದೆ.

2024ರ ಲ್ಯಾನ್ಸೆಟ್ ಆಯೋಗದ ಪಟ್ಟಿ ಈ ಎಚ್ಚರಿಕೆಯನ್ನೇ ತೋರುತ್ತದೆ. ತಿದ್ದಬಹುದಾದ 14 ಅಪಾಯಗಳು ಸೇರಿ ಡಿಮೆನ್ಶಿಯಾದ ಶೇ. 45ರಷ್ಟಕ್ಕೆ ಸಂಬಂಧಿಸಿವೆ ಎಂದ ಆ ಪಟ್ಟಿಯಲ್ಲಿ ಸಾಮಾಜಿಕ ಒಂಟಿತನ ಇದೆ, ಖಿನ್ನತೆ ಇದೆ, ಶಿಕ್ಷಣದ ಕೊರತೆ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು ಇವೆ. ಒತ್ತಡ ಇಲ್ಲ. ಅಷ್ಟು ಅಧ್ಯಯನ ನಡೆದ ಮೇಲೂ ಅದನ್ನು ಪ್ರತ್ಯೇಕ ಕಾರಣವೆಂದು ಬರೆಯಲು ಆಯೋಗ ಮುಂದಾಗಿಲ್ಲ. ರಕ್ತದೊತ್ತಡ, ಮಧುಮೇಹ, ಕುಡಿತದ ಹೆಸರಿನಲ್ಲಿ ಅದು ಆಗಲೇ ಪಟ್ಟಿಯೊಳಗಿದೆ ಎನ್ನುವವರಿದ್ದಾರೆ. ಆ ವಾದ ನನಗೆ ಸರಿ ಕಾಣುತ್ತದೆ.

ತೀರ್ಮಾನವಾಗದೆ ಉಳಿದದ್ದು

ಮೊದಲನೆಯದು, ಕೊಡುವವರ ಪ್ರಶ್ನೆ. ಕ್ಯಾಶ್ ಕೌಂಟಿ ಆರೈಕೆದಾರರ ಮೆದುಳಿಗೆ ಅಪಾಯ ಎಂದಿತು. ಅದಕ್ಕೆ ಎದುರಾಗಿ ಸ್ಟೆಫನಿ ಬ್ರೌನ್ 2003ರಲ್ಲಿ, ಹಿರಿಯ ದಂಪತಿಗಳಲ್ಲಿ ಬದುಕು ನೀಳವಾದದ್ದು ನೆರವು ಪಡೆದವರದಲ್ಲ, ಕೊಟ್ಟವರದ್ದು ಎಂದರು. ಡೇವಿಡ್ ರಾತ್ 2013ರಲ್ಲಿ, ಮನೆಯವರನ್ನು ನೋಡಿಕೊಳ್ಳುವವರಲ್ಲಿ ಸಾವಿನ ಪ್ರಮಾಣ ಇತರರಿಗಿಂತ ಶೇ. 18ರಷ್ಟು ಕಡಿಮೆ ಇತ್ತು ಎಂದರು. ಬಾಲ್ಟಿಮೋರ್‌ನಲ್ಲಿ ಶಾಲೆಗೆ ಹೋಗಿ ಮಕ್ಕಳಿಗೆ ಓದಲು ನೆರವಾದ ಹಿರಿಯ ಗಂಡಸರ ಹಿಪೊಕ್ಯಾಂಪಸ್ ಎರಡು ವರ್ಷಗಳಲ್ಲಿ ಕುಗ್ಗುವ ಬದಲು ತುಸು ಹಿಗ್ಗಿತ್ತು. ಕೊಡುವುದು ಒಳ್ಳೆಯದೋ ಕೆಟ್ಟದ್ದೋ? ಬಯಸಿ ಕೊಟ್ಟದ್ದಕ್ಕೂ ಬೇರೆ ದಾರಿಯಿಲ್ಲದೆ ಕೊಟ್ಟದ್ದಕ್ಕೂ, ಬಿಡುವು ಇದ್ದುದಕ್ಕೂ ಇಲ್ಲದಿದ್ದುದಕ್ಕೂ ವ್ಯತ್ಯಾಸವಿದೆ ಎಂಬುದು ನನ್ನ ಊಹೆ. ವಾರಕ್ಕೆ ಕೆಲವು ಗಂಟೆ ಶಾಲೆಗೆ ಹೋಗುವ ಬಾಲ್ಟಿಮೋರ್‌ನ ಅಜ್ಜನನ್ನೂ ಕೊಕ್ಕಡದ ತಾಯಿಯನ್ನೂ ಒಂದೇ ಸಾಲಿನಲ್ಲಿ ಎಣಿಸಲಾಗದು. ಆದರೆ ಎಷ್ಟು ಬಿಡುವು ಸಿಕ್ಕರೆ ಹೊರೆ ಒಳಿತಾಗಿ ಬದಲಾಗುತ್ತದೆ ಎಂಬುದಕ್ಕೆ ಒಪ್ಪಿತವಾದ ಅಳತೆ ಇಲ್ಲ.

ಎರಡನೆಯದು, ಹಿಂದಿನ ಸವೆತವನ್ನು ಮುಂದಿನ ಆಸರೆ ತುಂಬಿಕೊಡುತ್ತದೆಯೇ? ಮುದಿ ಇಲಿಯ ಫಲಿತಾಂಶ ನಿರಾಶೆ ಹುಟ್ಟಿಸುತ್ತದೆ, ವಿಡಿಯೊ ಕರೆಯ ಪ್ರಯೋಗ ಭರವಸೆ ಹುಟ್ಟಿಸುತ್ತದೆ. ಆರು ತಿಂಗಳ ಅಂಕ ಹತ್ತು ವರ್ಷದ ನಂತರದ ರೋಗವನ್ನು ತಪ್ಪಿಸುತ್ತದೆ ಎನ್ನುವುದಕ್ಕೆ ಆಧಾರ ಇನ್ನೂ ಬಂದಿಲ್ಲ. ಆಸರೆಯನ್ನು ಮಾತ್ರೆಯಂತೆ ಹಂಚಿ ಪರೀಕ್ಷಿಸುವುದು ಸುಲಭವಲ್ಲ; ಅರ್ಧ ಜನರಿಗೆ ಸ್ನೇಹ ಕೊಟ್ಟು ಇನ್ನರ್ಧ ಜನರಿಗೆ ನಿರಾಕರಿಸುವಂತಿಲ್ಲ.

ಮೂರನೆಯದು ನಮ್ಮ ನೆಲದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಕೆಲಸ ಕೈಗೊಂಡಿದೆ. ರಕ್ತ, ವಂಶವಾಹಿ, ಮೆದುಳಿನ ಚಿತ್ರ, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಕರ್ನಾಟಕಕ್ಕೆ ಹೆಮ್ಮೆಯ ಸಂಗತಿ ಅದು. ಆದರೆ ಬಯಲುಸೀಮೆಯ ಮಾವಿನ ತೋಟದ ಹಳ್ಳಿಯಲ್ಲಿ ಕಂಡದ್ದು ಅಳಿಯಕಟ್ಟಿನ ನೆನಪಿರುವ, ಬೀಡಿ ಕಟ್ಟಿದ, ನಾಲ್ಕು ಭಾಷೆ ಆಡುವ, ಮಕ್ಕಳನ್ನು ಗಲ್ಫಿಗೆ ಕಳಿಸಿದ ಕರಾವಳಿಗೆ ಎಷ್ಟು ಹೊಂದುತ್ತದೆ? ಅಂಥದೇ ಅಧ್ಯಯನ ಇಲ್ಲಿ ನಡೆಯಬೇಕಾದರೆ ಪ್ರಶ್ನಾವಳಿಯಲ್ಲಿ ನಿಮಗೆ ಯಾರ ಆಸರೆ ಇದೆ ಎಂಬುದರ ಜೊತೆಗೆ ನೀವು ಯಾರಿಗೆ ಆಸರೆ, ಎಷ್ಟು ವರ್ಷದಿಂದ, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬುದೂ ಇರಬೇಕು. ಎಂಡೋಸಲ್ಫಾನ್ ಕಾಲದಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ ತಾಯಿಯಾದವರು ಈಗ ಐವತ್ತು, ಅರುವತ್ತರ ನಡುವೆ ಇದ್ದಾರೆ. ರೋಗ ಮೆದುಳಿನೊಳಗೆ ಸದ್ದಿಲ್ಲದೆ ಶುರುವಾಗುವುದು ಈ ವಯಸ್ಸಿನಲ್ಲೇ. ಅವರ ಮೊದಲ ಅಳತೆ ಆಗಬೇಕಾದ ವರ್ಷಗಳು ಇವು.